ಗೋಣಿ ಕಟ್ಟಿದ ಕಾಲುಗಳು

ಆ ಊರಿನಲ್ಲಿ ಹೊಸ ವಿದ್ಯಾರ್ಥಿ ಸೋಪು ಕೊಳ್ಳಲು ಅಂಗಡಿಗೆ ಹೋದರೆ ಅಂಗಡಿಯವರು ಹೆಸರು ಕೇಳುವುದಿಲ್ಲ, ಯಾವೂರು ಎಂದೂ ಕೇಳುವುದಿಲ್ಲ. ನಿನ್ನ ಚಿತ್ರ ಯಾರ ಮನೆಯಲ್ಲಿದೆ ಎಂದು ಕೇಳುತ್ತಾರೆ. ಗಾಣದವರ ಮನೆಯಲ್ಲಿ ಎಂದೋ, ಪೋಸ್ಟ್‌ಮಾಸ್ಟರರ ಅಡುಗೆಕೋಣೆಯಲ್ಲಿ ಎಂದೋ ಹೇಳಿದರೆ ಸಾಕು, ಆ ಕ್ಷಣದಿಂದ ನೀವು ಊರಿನವರು. ಪೊಟ್ಟಣಕ್ಕೆ ಒಂದು ಹಿಡಿ ಕಡಲೆ ಹೆಚ್ಚಿಗೆ ಬೀಳುತ್ತದೆ. ಇನ್ನೂ ಎಲ್ಲಿಗೂ ಹೋಗಿಲ್ಲ ಎಂದರೆ ಸೋಪು ಕೊಡುತ್ತಾರೆ, ಅದರ ಜೊತೆಗೆ 'ಪಾಪ' ಎನ್ನುವ ಒಂದು ಮುಖವನ್ನೂ ಕೊಡುತ್ತಾರೆ. ಆ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹತ್ತಿರದ ಅಂಗಡಿ ಬಿಟ್ಟು ಮಾರ್ಕೆಟ್ಟಿನ ಆಚೆ ತುದಿಯ ಅಂಗಡಿಗೆ ಹೋಗಿ ನೋಡಿದೆ. ಅಲ್ಲಿಯೂ ಅದೇ ಪ್ರಶ್ನೆ, ಅದೇ ಮುಖ.

ವಿಷಯ ಇಷ್ಟೇ. ವಿಶ್ವವಿದ್ಯಾಲಯದ ಚಿತ್ರಕಲಾ ವಿಭಾಗಕ್ಕೆ ಸೇರಿದವರು ಮೊದಲ ವರ್ಷ ಕಾಂಪೌಂಡು ಗೋಡೆಯ ಒಳಮೈಯಲ್ಲಿ ತಮ್ಮ ಪಾಲಿಗೆ ಬಂದ ಜಾಗದಲ್ಲಿ ಒಂದು ಚಿತ್ರ ಬರೆಯಬೇಕು. ಏನು ಬೇಕಾದರೂ ಬರೆಯಬಹುದು. ಬರೆದದ್ದು ಕೆಲವು ದಿನ ಅಲ್ಲಿಯೇ ಇರುತ್ತದೆ, ಆಮೇಲೆ ಒಂದು ಬೆಳಿಗ್ಗೆ ಇರುವುದಿಲ್ಲ. ಊರಿನ ಯಾವುದೋ ಮನೆಯ ಗೋಡೆಯ ಮೇಲೆ ಇರುತ್ತದೆ. ಆ ಮನೆಯವರು ಎಲೆ ಅಡಿಕೆ ಕೊಟ್ಟು ಬರೆದವರಿಗೆ ಹೇಳಿ ಕಳಿಸುತ್ತಾರೆ: ನಿನ್ನದು ಬಂದಿದೆ, ನೀನೂ ಬಾ. ಹೋಗಿ ಉಂಡು ಬಂದರೆ ಅಲ್ಲಿಂದ ಓದು ಮುಗಿಯುವವರೆಗೆ ಅದು ನಿಮ್ಮ ಮನೆ. ಜ್ವರ ಬಂದರೆ ಕಷಾಯ ಅಲ್ಲಿಂದ, ಹಬ್ಬಕ್ಕೆ ಹೋಳಿಗೆ ಅಲ್ಲಿಂದ, ತಲೆ ಬಾಚಿಕೊಳ್ಳದೆ ತಿರುಗಿದರೆ ಬೈಗುಳವೂ ಅಲ್ಲಿಂದಲೇ.

ಯಾರ ಚಿತ್ರ ಎಲ್ಲಿಗೆ ಹೋಗುತ್ತದೆ ಎಂದು ಯಾರಿಗೂ ತಿಳಿಯದು. ನನ್ನ ರೂಮಿನ ಶಾಹಿನಾ ಹೊಲಿಗೆ ಯಂತ್ರ ಬರೆದಿದ್ದಳು. ಅವಳ ಅಪ್ಪನ ಯಂತ್ರ, ಚಕ್ರದ ಹತ್ತಿರ ಬಣ್ಣ ಹೋಗಿದ್ದದ್ದು ಸಹಿತ. ಅದು ನೇರವಾಗಿ ಹೋಗಿ ಅಗ್ರಹಾರದ ಜೋಯಿಸರ ಊಟದ ಮನೆಯ ಗೋಡೆಯಲ್ಲಿ ಕುಳಿತುಬಿಟ್ಟಿತು. ಮಡಿ ಹೆಂಗಸಾದ ಜೋಯಿಸರ ತಾಯಿ ಎರಡು ದಿನ ಮಾತು ಬಿಟ್ಟಿದ್ದರಂತೆ. ಮೂರನೆಯ ದಿನ ಎಲೆ ಅಡಿಕೆ ಬಂತು, ಪದ್ಧತಿ ಪದ್ಧತಿಯೇ. ಈಗ ಶಾಹಿನಾ ಒಂದು ಏಕಾದಶಿಯ ಫಲಾಹಾರ ತಪ್ಪಿಸಿದರೆ ಮುದುಕಿ ಹಾಸ್ಟೆಲಿನ ಬಾಗಿಲಿಗೆ ಬರುತ್ತಾರೆ, ರಂಜಾನಿಗೆ ಇವಳು ಕೊಟ್ಟ ಖರ್ಜೂರವನ್ನು ತೊಳೆದು ತಿನ್ನುತ್ತಾರೆ. ಇನ್ನೊಬ್ಬ ಬರಿಯ ಒಂದು ತೆಂಗಿನಕಾಯಿ ಬರೆದಿದ್ದ, ಸೋಮಾರಿ. ಅದು ಪೊಲೀಸ್ ಇನ್‌ಸ್ಪೆಕ್ಟರರ ಮನೆಗೆ ಹೋಯಿತು. ಅವನ ನಡಿಗೆಯೇ ಬದಲಾಯಿತು.

ಹೋಗದೆ ನಿಂತ ಚಿತ್ರಗಳೂ ಇರುತ್ತವೆ. ಯುಗಾದಿಗೆ ಮುಂಚೆ ಗೋಡೆಗೆ ಸುಣ್ಣ ಹೊಡೆಯುತ್ತಾರೆ. ಅಷ್ಟರಲ್ಲಿ ಹೋಗದ ಚಿತ್ರ ಸುಣ್ಣದ ಕೆಳಗೆ, ಅದನ್ನು ಬರೆದವರು ವಾಣಿಜ್ಯ ವಿಭಾಗಕ್ಕೆ. ಊರಿನಲ್ಲಿ ಒಂದು ಮನೆಯಿಲ್ಲದವನು ಚಿತ್ರ ಬರೆದು ಏನು ಮಾಡುತ್ತಾನೆ ಎಂಬುದು ಹಿರಿಯರ ವಾದ. ಹಾಗಾಗಿ ನಮ್ಮ ವಾಣಿಜ್ಯ ವಿಭಾಗದ ತುಂಬ ಒಳ್ಳೊಳ್ಳೆಯ ಚಿತ್ರಗಾರರಿದ್ದರು. ಅವರು ಲೆಕ್ಕ ಮಾಡುತ್ತ ಮಾಡುತ್ತ ಕಾಗದದ ಅಂಚಿನಲ್ಲಿ ಹಕ್ಕಿ ಬರೆಯುತ್ತಿದ್ದರು.

ನನಗೆ ಲೆಕ್ಕ ಬರುವುದಿಲ್ಲ. ಅಂಕಿ ಬರೆಯಲು ಬರುತ್ತದೆ, ಅದು ಬೇರೆ. ನಾನು ಹುಟ್ಟಿದ್ದು ರಸ್ತೆಗೆ ಟಾರು ಹಾಕುವ ಗ್ಯಾಂಗಿನ ಗುಡಾರದಲ್ಲಿ. ರಸ್ತೆ ಮುಗಿದ ಕಡೆ ಮೈಲಿಗಲ್ಲಿಗೆ ಬಣ್ಣ ಬಳಿದು ಊರಿನ ಹೆಸರು, ಅಂಕಿ ಬರೆಯುವ ಕೆಲಸ ಚಿಕ್ಕಂದಿನಲ್ಲೇ ನನ್ನ ಪಾಲಿಗೆ ಬಂತು. ಅಂಕಿಯ ಪಕ್ಕದಲ್ಲಿ ಕೋಳಿ ಬರೆದೆ, ನಾಯಿ ಬರೆದೆ. ಒಬ್ಬ ಇಂಜಿನಿಯರು ಅದನ್ನು ನೋಡಿ ನಕ್ಕು, ಬೈದು, ಕೊನೆಗೆ ನನ್ನನ್ನು ಶಾಲೆಗೆ ಸೇರಿಸಿದರು. ಹಾಗೆ ಶಾಲೆಯಿಂದ ಶಾಲೆಗೆ ಹಾರಿ ಇಲ್ಲಿಗೆ ಬಂದಿದ್ದೆ. ಬಂದ ದಿನವೇ ತಿಪ್ಪಮ್ಮ ಎಂಬ ನನ್ನ ಹೆಸರನ್ನು ತೃಪ್ತಿ ಮಾಡಿಕೊಂಡೆ. ಅಪ್ಪ ಏನು ಮಾಡುತ್ತಾರೆ ಎಂದು ಶಾಹಿನಾ ಕೇಳಿದಾಗ ರಸ್ತೆ ಕಾಂಟ್ರ್ಯಾಕ್ಟು ಎಂದೆ. ಅವಳು ದೊಡ್ಡ ಜೀಪನ್ನು ಊಹಿಸಿಕೊಂಡಳು. ಊಹಿಸಿಕೊಳ್ಳಲಿ ಎಂದು ಬಿಟ್ಟೆ.

ಮೊದಲು ನಾನು ಬರೆದದ್ದು ಮನೆ. ಕೆಂಪು ಹೆಂಚು, ಎರಡು ಕಿಟಕಿ, ಮುಂದೆ ತುಳಸಿಕಟ್ಟೆ, ರಂಗೋಲಿ. ಮನೆಯೆಂದರೆ ಹೀಗಿರುತ್ತದೆ ಎಂದು ಪಾಠದ ಪುಸ್ತಕಗಳಲ್ಲಿ ನೋಡಿ ಚೆನ್ನಾಗಿಯೇ ಕಲಿತಿದ್ದೆ. ದಸರಾ ಬಂತು, ಮನೆ ಅಲ್ಲಾಡಲಿಲ್ಲ. ಅಕ್ಕಪಕ್ಕದ ಚಿತ್ರಗಳು ಒಂದೊಂದಾಗಿ ಹೋಗಿ ಖಾಲಿ ಜಾಗದ ನಡುವೆ ನನ್ನ ಹೆಂಚಿನ ಮನೆ ಒಂದೇ ಉಳಿಯಿತು.

ಯಾವ ಚಿತ್ರ ಬೇಗ ಹೋಗುತ್ತದೆ ಎನ್ನುವುದರ ಬಗ್ಗೆ ಹಾಸ್ಟೆಲಿನಲ್ಲಿ ದೊಡ್ಡ ಶಾಸ್ತ್ರವೇ ಇತ್ತು. ಹಿರಿಯ ವಿದ್ಯಾರ್ಥಿಗಳು ಸಂಜೆ ಹೊತ್ತು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಹಸು ನಿಧಾನ, ಕರು ಬೇಗ. ದೀಪ ಖಂಡಿತ ಹೋಗುತ್ತದೆ, ಆದರೆ ಎಣ್ಣೆ ತುಂಬಿರಬೇಕು. ತಾಯಿಯನ್ನು ಬರೆದರಂತೂ ಕೇಳುವುದೇ ಬೇಡ, ಉಪ್ಪಿಗಿಂತ ರುಚಿಯಿಲ್ಲ ತಾಯಿಗಿಂತ ಬಂಧುವಿಲ್ಲ. ಆ ವರ್ಷ ಗೋಡೆಯ ತುಂಬ ತಾಯಂದಿರು, ಎಲ್ಲರೂ ಒಲೆಯ ಮುಂದೆ ಕುಳಿತವರು, ಎಲ್ಲರ ಹಣೆಯಲ್ಲೂ ಕಾಸಿನಗಲ ಕುಂಕುಮ. ಮರ್ಯಾದೆ ಬಿಟ್ಟು, ಮನೆ ಅಳಿಸಿ ನಾನೂ ಒಬ್ಬಳನ್ನು ಬರೆದೆ. ಉಳಿದ ತಾಯಂದಿರು ಹೊರಟುಹೋದರು, ನನ್ನ ತಾಯಿ ಒಲೆ ಊದುತ್ತಲೇ ಕುಳಿತಳು. ನಮ್ಮವ್ವ ಒಲೆಯ ಮುಂದೆ ಕುಳಿತು ಊದಿದ್ದನ್ನು ನಾನು ನೋಡಿಯೇ ಇರಲಿಲ್ಲ. ಅವಳು ಟಾರಿನ ಒಲೆಯ ಬೆಂಕಿಯಲ್ಲಿಯೇ ಪಾತ್ರೆ ಇಟ್ಟು ಕೆಲಸಕ್ಕೆ ಹೋಗಿಬಿಡುತ್ತಿದ್ದಳು.

ಸಂಕ್ರಾಂತಿ ಕಳೆಯಿತು. ಘಟಿಕೋತ್ಸವಕ್ಕೆ ಯಾರೋ ದೊಡ್ಡವರು ಬರುತ್ತಾರೆಂದು ವಿಶ್ವವಿದ್ಯಾಲಯದ ಹೊರಗಿನ ರಸ್ತೆಗೆ ಟಾರು ಹಾಕಲು ಶುರು ಮಾಡಿದರು. ಒಂದು ಮಧ್ಯಾಹ್ನ ರೂಮಿನ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಎದ್ದು ಹೋಗಿ ಕಿಟಕಿ ಹಾಕಿದೆ. ತಲೆನೋವಾ ಎಂದು ಶಾಹಿನಾ ಕೇಳಿದಳು, ಹೌದು ಎಂದೆ. ಮರುದಿನದಿಂದ ಗೇಟಿನ ಹೊರಗೆ ಹೋಗುವಾಗ ಮೂಗಿಗೆ ಸೆರಗು ಹಿಡಿದು ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಿದ್ದೆ. ಕಾಂಪೌಂಡಿಗೆ ಒರಗಿಸಿ ಗ್ಯಾಂಗಿನವರು ಗುಡಾರ ಹಾಕಿದ್ದರು. ಅತ್ತ ತಿರುಗಿ ನೋಡಲಿಲ್ಲ. ನೋಡದಿದ್ದರೂ ಅಲ್ಲಿ ಏನೇನಿದೆ ಎಂದು ನನಗೆ ಗೊತ್ತಿತ್ತು.

ಅದೇ ವಾರ ಕೊಟ್ರಪ್ಪ ಮೇಷ್ಟ್ರು ನನ್ನ ಗೋಡೆಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತರು. ಅವರು ಭಿತ್ತಿಚಿತ್ರದ ಮೇಷ್ಟ್ರು. ಪಾಠಕ್ಕಿಂತ ಹೆಚ್ಚಾಗಿ ಎಲೆ ಅಡಿಕೆ ಮೆಲ್ಲುವವರು, ಆದರೆ ಯಾರನ್ನೂ ಹೀಯಾಳಿಸಿದವರಲ್ಲ. ಯುಗಾದಿ ಹತ್ತಿರ ಬಂತು, ಏನು ಮಾಡಬೇಕು ಅಂತಿದ್ದೀಯ ಎಂದು ಕೇಳಿದರು. ನಾನು ಗೋಳಾಡಿದೆ. ಎಲ್ಲರ ಹಾಗೆಯೇ ಬರೆದಿದ್ದೇನೆ, ಎಲ್ಲರಿಗಿಂತ ಚೆನ್ನಾಗಿ ಬರೆದಿದ್ದೇನೆ, ನನ್ನದಕ್ಕೆ ಮಾತ್ರ ಏನು ಬಡಿದಿದೆ ಎಂದೆ. ಮೇಷ್ಟ್ರು ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು.

"ಹೋಗೋ ಮನಸ್ಸಿಲ್ಲ ಅಂದ್ರೆ ಹೊಡೆದು ಓಡಿಸೋಕಾಗುತ್ತೇನಮ್ಮ?" ಎಂದರು. "ಚಿತ್ರಕ್ಕೇನು ಕಾಲಿದೆಯಾ?"

ಅವರು ಸಮಾಧಾನಕ್ಕೆ ಹೇಳಿದ್ದು, ನನಗೆ ರೇಗಿತು. ಅವರು ಅತ್ತ ಹೋದದ್ದೇ ತಾಯಿಯ ಮೇಲೆ ಒದ್ದೆ ಬಟ್ಟೆ ಎಳೆದು ಉಜ್ಜಿದೆ. ಕಾಲಿಲ್ಲ ತಾನೆ, ಕಾಲು ಕೊಡೋಣ, ಆಗಲೂ ಹೋಗದಿದ್ದರೆ ನೋಡೋಣ ಎಂದುಕೊಂಡು ಬರಿಯ ಎರಡು ಕಾಲುಗಳನ್ನು ಬರೆಯಲು ಕುಳಿತೆ. ಮೇಲೆ ಮೈಯಿಲ್ಲ, ಮುಖವಿಲ್ಲ, ಕುಂಕುಮವಿಲ್ಲ. ಯಾರ ಕಾಲು ಎಂದು ಯೋಚಿಸಿರಲಿಲ್ಲ. ಕಾಂಪೌಂಡಿನ ಆಚೆಯಿಂದ ಟಾರಿನ ವಾಸನೆ ಬರುತ್ತಿತ್ತು. ಕೈ ತನ್ನಷ್ಟಕ್ಕೆ ಪಾದದ ಸುತ್ತ ಗೋಣಿಚೀಲ ಸುತ್ತಿತು. ಬಿಸಿ ಟಾರು ಸಿಡಿಯಬಾರದೆಂದು ಗ್ಯಾಂಗಿನ ಹೆಂಗಸರು ಮೊಣಕಾಲಿನವರೆಗೆ ಸುತ್ತಿಕೊಳ್ಳುವ ಹಾಗೆ. ಬಲಗಾಲಿಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದೆ. ಎಡಗಾಲಿಗೆ ಸೀರೆಯ ಕೆಂಪು ಅಂಚು ಹರಿದು ಕಟ್ಟಿದೆ. ಮುಗಿಸಿ ಹಿಂದೆ ಸರಿದು ನೋಡಿದೆ. ಅಳಿಸಿಬಿಡೋಣ ಎನಿಸಿತು. ಅಷ್ಟರಲ್ಲಿ ಶಾಹಿನಾ ಊಟಕ್ಕೆ ಕರೆದಳು.

ಊಟದ ಸಾಲಿನಲ್ಲಿ ಎಲ್ಲರೂ ನಕ್ಕರು. ಕಾಲಿಗೆ ಏಟು ಬಿದ್ದಿದೆಯಾ, ಬ್ಯಾಂಡೇಜಾ ಎಂದು ಕೇಳಿದರು. ಇನ್‌ಸ್ಪೆಕ್ಟರರ ಮನೆಯ ತೆಂಗಿನಕಾಯಿಯವನು ಇದು ಆಧುನಿಕ ಕಲೆ, ನಿಮಗೆ ಅರ್ಥವಾಗುವುದಿಲ್ಲ ಎಂದು ಎಲ್ಲರಿಗೂ ವಿವರಿಸಿದ. ಶಾಹಿನಾ ಮಾತ್ರ ನಗಲಿಲ್ಲ. ಕೆಂಪು ಅಂಚು ಯಾವ ಸೀರೆಯದು ಎಂದು ಕೇಳಿದಳು. ದರ್ಜಿಯ ಮಗಳಲ್ಲವೇ, ಅವಳ ಕಣ್ಣು ಬಟ್ಟೆಗೆ ಹೋಗುತ್ತದೆ. ಗೊತ್ತಿಲ್ಲ ಎಂದೆ.

ಸ್ವಲ್ಪ ದಿನದಲ್ಲೇ ಒಂದು ಬೆಳಿಗ್ಗೆ ಕಾಲುಗಳು ಇರಲಿಲ್ಲ.

ನಾನು ಕುಣಿದೆ. ಸುಳ್ಳೇಕೆ ಹೇಳಲಿ, ಗೋಡೆಗೆ ಮುತ್ತು ಕೊಟ್ಟೆ. ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟು, ಎಲೆ ಅಡಿಕೆ ತರುವವರು ಯಾರೆಂದು ಕಾಯುತ್ತ ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತೆ. ಆ ದಿನ ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ವಾರ ಕಳೆದ ಮೇಲೆ ಊರಿಗೇ ಕುತೂಹಲ ಹತ್ತಿತು. ಹೊರಟ ಚಿತ್ರ ಯಾವ ಮನೆಗೂ ಬಾರದೆ ಉಳಿದದ್ದು ಆ ಊರಿನ ಇತಿಹಾಸದಲ್ಲೇ ಇರಲಿಲ್ಲ. ಜನ ಬೀರುಗಳನ್ನು ಸರಿಸಿ ಹಿಂದೆ ನೋಡಿದರು. ಕ್ಯಾಲೆಂಡರು ಎತ್ತಿ ನೋಡಿದರು. ಕೊಟ್ಟಿಗೆ, ಹಿಟ್ಟಿನ ಗಿರಣಿ, ಬಾವಿಕಟ್ಟೆಯ ಒಳಮೈ, ಶಾಲೆಯ ಬೋರ್ಡಿನ ಹಿಂಭಾಗ, ಒಂದೂ ಬಿಡಲಿಲ್ಲ. ಜೋಯಿಸರ ತಾಯಿ ದೇವರ ಮಂಟಪವನ್ನೇ ಮುಂದಕ್ಕೆ ಎಳೆಸಿ ನೋಡಿದರಂತೆ. ಹುಡುಕುವ ಗಡಿಬಿಡಿಯಲ್ಲಿ ಯಾರ್ಯಾರದೋ ಕಳೆದುಹೋದ ಮೂಗುತಿ, ಕನ್ನಡಕ, ಬೀಗದ ಕೈ ಎಲ್ಲ ಸಿಕ್ಕವು. ನನ್ನ ಕಾಲುಗಳು ಸಿಗಲಿಲ್ಲ.

ಕುಲಸಚಿವ ಫಾಲಾಕ್ಷಯ್ಯನವರು ನನ್ನನ್ನು ಕರೆಸಿದರು. ಅವರು ಕೆಟ್ಟವರಲ್ಲ, ಆದರೆ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ. ಹೋದದ್ದು ನಿಜವಿರಬಹುದು, ಬಂದದ್ದು ಕಾಣುತ್ತಿಲ್ಲ ಎಂದರು. ನೀನೇ ಅಳಿಸಿದೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವವರೂ ಇದ್ದಾರೆ ಎಂದರು. ಸುಣ್ಣ ಹೊಡೆಯುವ ದಿನದೊಳಗೆ ಒಂದು ಮನೆಯವರು ಬಂದು ನಿಂತರೆ ಸರಿ, ಇಲ್ಲದಿದ್ದರೆ ವಾಣಿಜ್ಯ. ಅಲ್ಲಿಯೂ ಒಳ್ಳೆಯ ಭವಿಷ್ಯವಿದೆಯಂತೆ. ನಾನು ಹೊರಗೆ ಬಂದು ಹಾಸ್ಟೆಲಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಬಣ್ಣ ಬಿಟ್ಟರೆ ನನಗೆ ಬೇರೆ ಏನೂ ಬಾರದು. ಅದಕ್ಕಿಂತ ಹೆಚ್ಚಾಗಿ, ಅಷ್ಟು ದೊಡ್ಡ ಊರಿನಲ್ಲಿ ಒಂದು ಗೋಡೆಗೂ ನಾನು ಬೇಡವಾದೆನಲ್ಲ ಎಂಬುದು ನೋಯಿಸಿತು.

ಸುಣ್ಣದ ದಿನ ಬಂತು. ಬೆಳಿಗ್ಗೆಯೇ ಒಳಮೈಯೆಲ್ಲ ಬೆಳ್ಳಗಾಯಿತು. ವಾಣಿಜ್ಯ ವಿಭಾಗದ ಹುಡುಗ ಹುಡುಗಿಯರು ಪ್ರತಿ ವರ್ಷದಂತೆ ದೂರದಲ್ಲಿ ನಿಂತು ನೋಡುತ್ತಿದ್ದರು. ಹೊಸದಾಗಿ ತಮ್ಮ ಕಡೆಗೆ ಬರುವವರು ಯಾರೆಂದು ಅವರಿಗೂ ಕುತೂಹಲ. ನಾನು ಅತ್ತ ಹೋಗಲಿಲ್ಲ. ಟ್ರಂಕು ಎತ್ತಿಕೊಂಡು ಶಾಹಿನಾಗೂ ಹೇಳದೆ ಬಸ್ ಸ್ಟ್ಯಾಂಡಿಗೆ ಹೊರಟೆ. ಅವ್ವ ಅಪ್ಪ ಈಗ ಯಾವ ರಸ್ತೆಯಲ್ಲಿದ್ದಾರೆಂದು ತಿಳಿಯದು, ಕೇಳಿಕೊಂಡು ಹೋದರಾಯಿತು ಎಂದುಕೊಂಡೆ. ಟ್ರಂಕು ಹಿಡಿದ ಕೈಯಲ್ಲಿ ಮೂಗು ಮುಚ್ಚಿಕೊಳ್ಳಲು ಆಗಲಿಲ್ಲ. ಕಣ್ಣು ಮಂಜಾಗಿತ್ತು. ಆಚೆ ಬದಿಗೆ ದಾಟಲು ಮರೆತು ಕಾಂಪೌಂಡಿನ ಪಕ್ಕದಲ್ಲೇ ನಡೆದೆ, ಡ್ರಮ್ಮಿನಿಂದ ಚೆಲ್ಲಿದ ಟಾರಿನಲ್ಲಿ ಕಾಲಿಟ್ಟೆ.

ಚಪ್ಪಲಿ ಅಲ್ಲೇ ಅಂಟಿಕೊಂಡು ಪಾದ ಟಾರಿಗೆ ಇಳಿಯಿತು. ಸದ್ಯ, ಬಿಸಿಯಿರಲಿಲ್ಲ. ಬಾಯಲ್ಲಿ ನಮ್ಮ ಗ್ಯಾಂಗಿನ ಒಂದು ಬೈಗುಳ ಬಂತು, ಕಾಲೇಜಿಗೆ ಬಂದ ಮೇಲೆ ಅದೇ ಮೊದಲ ಸಲ. ಅಲ್ಲೇ ಟ್ರಂಕಿನ ಮೇಲೆ ಕುಳಿತು ಕಾಲಿಗೆ ಒಣಮಣ್ಣು ಸುರಿದುಕೊಂಡು ತಿಕ್ಕತೊಡಗಿದೆ. ನೀರು ಹಾಕಿದರೆ ಟಾರು ಹೋಗುವುದಿಲ್ಲ. ಮೊದಲು ಮಣ್ಣು, ಆಮೇಲೆ ಎಣ್ಣೆ. ತಲೆಯೆತ್ತಿದರೆ ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಕಾಲನ್ನೇ ನೋಡುತ್ತಿದ್ದಳು. ಅವಳ ಕಾಲಿಗೂ ಗೋಣಿ ಸುತ್ತಿತ್ತು.

"ಕಾಲೇಜಿನೋರು ನೀರಿನ ನಲ್ಲಿ ತಾವ ಓಡ್ತಾರೆ," ಎಂದಳು. "ನೀನು ಮಣ್ಣಾಕ್ಕಂತೀಯ. ಯಾರ ಗ್ಯಾಂಗವ್ವ?"

ನಾನು ತೃಪ್ತಿ ಎಂದೆ. ಅವಳು ಕೇಳಿದ್ದು ಹೆಸರಲ್ಲ, ನನಗೆ ಗೊತ್ತಿತ್ತು. ಆಮೇಲೆ ತಿಪ್ಪಮ್ಮ ಎಂದೆ. ತಿಮ್ಮಪ್ಪನ ಗ್ಯಾಂಗು, ಓಬಳಮ್ಮನ ಮಗಳು ಎಂದೆ. ಅವಳ ಮುಖ ಅರಳಿತು. ಅವಳ ಹೆಸರು ಹನುಮಕ್ಕ. ತೂಬಿನ ರಸ್ತೆ ಹಾಕುವಾಗ ಎರಡು ಗ್ಯಾಂಗೂ ಒಂದೇ ಕಡೆ ಬಿಡಾರ ಮಾಡಿದ್ದರಂತೆ, ನಮ್ಮವ್ವ ಅವಳಿಗೆ ಉಪ್ಪುಸಾರು ಮಾಡಲು ಕಲಿಸಿದ್ದಳಂತೆ. ಎಣ್ಣೆ ಹಚ್ಚುವೆ ಬಾ ಎಂದು ಟ್ರಂಕನ್ನು ತಾನೇ ಎತ್ತಿಕೊಂಡು ಗುಡಾರದೊಳಗೆ ಹೋದಳು. ಕುಂಟುತ್ತ ಹಿಂದೆ ಹೋದೆ.

ಒಳಗೆ ಎಲ್ಲ ನಾನು ತಿಳಿದಿದ್ದ ಹಾಗೆಯೇ ಇತ್ತು. ಎರಡು ಬದಿಗೆ ಬಡಿದು ಚಪ್ಪಟೆ ಮಾಡಿದ ಟಾರಿನ ಡ್ರಮ್ಮಿನ ತಗಡು, ಮುಂದೆ ಟಾರ್ಪಾಲು, ಮೂಲೆಯಲ್ಲಿ ಮೂರು ಕಲ್ಲಿನ ಒಲೆ. ಹಿಂದಿನ ಗೋಡೆ ಮಾತ್ರ ವಿಶ್ವವಿದ್ಯಾಲಯದ ಕಾಂಪೌಂಡು. ಆ ಗೋಡೆಯ ಮೇಲೆ ನನ್ನ ಕಾಲುಗಳಿದ್ದವು. ಬೆರಳುಗಳಿಗೆ ಅರಿಶಿನ ಹಚ್ಚಿದ್ದರು, ಮುಂದೆ ಒಂದು ಹಣತೆ. ಹನುಮಕ್ಕನ ಅತ್ತೆ, ಹಲ್ಲಿಲ್ಲದ ಮುದುಕಿ, ಅದರ ಕೆಳಗೆ ಕುಳಿತು ಸೊಪ್ಪು ಬಿಡಿಸುತ್ತಿದ್ದಳು.

ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡೂ ಒಟ್ಟಿಗೆ ಬಂದು ಕೆಮ್ಮಿದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗೆ. ಬಾವಿಯೊಳಗೆ ಇಳಿದು ನೋಡಿದ ಊರು, ದೇವರನ್ನು ಸರಿಸಿ ನೋಡಿದ ಊರು, ಈ ಗುಡಾರದ ಟಾರ್ಪಾಲನ್ನು ಎತ್ತಿ ನೋಡಿರಲಿಲ್ಲ. ಇದು ಮನೆ ಎಂದು ಒಬ್ಬರ ತಲೆಗೂ ಹೊಳೆದಿರಲಿಲ್ಲ. ಊರಿನವರನ್ನು ಏನು ಅನ್ನಲಿ, ಗುಡಾರದಲ್ಲೇ ಹುಟ್ಟಿದ ನನಗೇ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಖುಷಿ ಅದಕ್ಕಿಂತ ಹೆಚ್ಚಾಗಿತ್ತು.

ಅವರಿಗೆ ಊರಿನ ಪದ್ಧತಿ ಏನೂ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಾಲುಗಳಿದ್ದವಂತೆ. ಮುದುಕಿ ಅವ್ವನವರ ಪಾದ ಎಂದು ಕೈಮುಗಿದಳಂತೆ. ಗೋಣಿ ಕಟ್ಟಿದ ಅವ್ವ ಯಾವಳು ಎಂದು ಹನುಮಕ್ಕ ಕೇಳಿದ್ದಕ್ಕೆ, ನಮ್ಮ ಪಾಡು ನೋಡೋಕೆ ಬರೋಳು ನಮ್ಮ ಹಾಗೇ ಬರ್ತಾಳೆ ಎಂದಳಂತೆ. ಈಗ ಅವರಿಗೆ ಒಂದೇ ಚಿಂತೆ. ರಸ್ತೆ ಮುಗಿಯುತ್ತ ಬಂತು, ಬಿಡಾರ ಕೀಳಬೇಕು, ದೇವರನ್ನು ಗೋಡೆಯಲ್ಲೇ ಬಿಟ್ಟು ಹೋಗುವುದು ಹೇಗೆ? ಇದು ದೇವರಲ್ಲ, ನಾನು ಬರೆದದ್ದು ಎಂದೆ. ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಅರಿಶಿನ ಹಚ್ಚಿದ್ದನ್ನು ವಾಪಸು ತಗೊಳ್ಳಕ್ಕಾಗಲ್ಲ ಎಂದಳು. ಹನುಮಕ್ಕ ನನ್ನ ಕಾಲಿಗೆ ಎಣ್ಣೆ ಹಚ್ಚಿ ಟಾರು ತೆಗೆದಳು, ತಟ್ಟೆಗೆ ಮುದ್ದೆ ಹಾಕಿ ಉಪ್ಪುಸಾರು ಬಿಟ್ಟಳು. ಕೂತ್ಕೊಂಡು ಉಣ್ಣು ಎಂದಳು, ಅಷ್ಟೇ. ವರ್ಷವೆಲ್ಲ ನಾನು ಕಾದಿದ್ದ 'ನಿನ್ನದು ಬಂದಿದೆ' ಎಂಬ ಮಾತು ಅವಳ ಬಾಯಲ್ಲಿ ಬರಲಿಲ್ಲ, ಬರುವ ಕಾರಣವೂ ಇರಲಿಲ್ಲ. ಉಂಡೆ. ಸಾರು ನಮ್ಮವ್ವನದೇ ಸಾರು.

ಊಟ ಮುಗಿಯುವಷ್ಟರಲ್ಲಿ ನನ್ನನ್ನು ಹುಡುಕಿಕೊಂಡು ಬಂದ ಶಾಹಿನಾ ಟಾರಿಗೆ ಅಂಟಿದ್ದ ನನ್ನ ಚಪ್ಪಲಿ ಕಂಡು ಒಳಗೆ ಬಂದಳು. ಗೋಡೆ ನೋಡಿದಳು, ನನ್ನ ತಟ್ಟೆ ನೋಡಿದಳು, ಟಾರ್ಪಾಲಿನ ಒಂದು ಹರಿದ ಮೂಲೆಯನ್ನು ಕೈಯಲ್ಲಿ ಹಿಡಿದು ನೋಡಿದಳು. ಜೀಪಿನ ಮಾತು ಎತ್ತಲಿಲ್ಲ. ಓಡಿಹೋಗಿ ಕೊಟ್ರಪ್ಪ ಮೇಷ್ಟ್ರನ್ನೂ ಕುಲಸಚಿವರನ್ನೂ ಕರೆದುಕೊಂಡು ಬಂದಳು. ಫಾಲಾಕ್ಷಯ್ಯನವರು ಬಗ್ಗಿ ಒಳಗೆ ಬಂದರು. ಹನುಮಕ್ಕ ಒಂದು ಡ್ರಮ್ಮನ್ನು ಬೋರಲು ಹಾಕಿ ಕೂರಲು ಕೊಟ್ಟಳು. ಅವರು ಕೂರಲೂ ಇಲ್ಲ, ನಿಲ್ಲಲೂ ಆಗಲಿಲ್ಲ, ಸೂರು ತಗ್ಗಾಗಿತ್ತು. ಚಿತ್ರ ಹೋದದ್ದು ಸಂತೋಷ ಎಂದರು. ಆದರೆ ಮನೆಗೆ ಹೋಗಿರಬೇಕು ಎಂಬುದು ಪದ್ಧತಿ, ಮನೆಯೆಂದ ಮೇಲೆ ನಾಲ್ಕು ಗೋಡೆ ಬೇಕಲ್ಲ ಎಂದರು.

ಹನುಮಕ್ಕ ಸುತ್ತಲೂ ಒಮ್ಮೆ ನೋಡಿದಳು. "ಮೂರು ನಮ್ಮವು ಸ್ವಾಮಿ, ನಾಕನೇದು ನಿಮ್ದು," ಎಂದಳು. "ಕೇಳ್ದೆ ಒರಗಿಸ್ಕಂಡಿದ್ದು ತಪ್ಪು ಅಂದ್ರೆ ಬಿಚ್ಕಂತೀವಿ. ನಿಮ್ ಗೋಡೆ ನಿಮ್ಗೇ ಇರ್ಲಿ."

ಕೊಟ್ರಪ್ಪ ಮೇಷ್ಟ್ರು ಅಡಿಕೆ ಮೆಲ್ಲುವುದನ್ನು ನಿಲ್ಲಿಸಿದರು. ಹಾಗಾದರೆ ಸಾರ್, ಇದು ಮನೆಯಲ್ಲ ಎಂದಾದರೆ ಚಿತ್ರ ವಿಶ್ವವಿದ್ಯಾಲಯದ ಗೋಡೆಯಲ್ಲಿದೆ ಎಂದಾಯಿತು ಎಂದರು. ಯಾರ ಗೋಡೆಗೆ ಬಂತೋ ಅವರು ಕರೆದು ಉಣ್ಣಿಸಬೇಕು, ಓದು ಮುಗಿಯುವವರೆಗೆ ಮಗಳ ಹಾಗೆ ನೋಡಿಕೊಳ್ಳಬೇಕು. ವಿಶ್ವವಿದ್ಯಾಲಯದ ಪರವಾಗಿ ಅದು ತಮ್ಮ ಮನೆಯೇ ಆಗುತ್ತದೆ. ಮೇಷ್ಟ್ರು ಇದನ್ನೆಲ್ಲ ಬಹಳ ವಿನಯದಿಂದ ಹೇಳಿದರು. ಫಾಲಾಕ್ಷಯ್ಯನವರ ಮುಖ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗಾಯಿತು. ಅವರ ಹೆಂಡತಿಯ ಬಿಗಿ ಕೈ ಇಡೀ ಊರಿಗೆ ಗೊತ್ತು. ಅವರ ಮನೆಯ ಗೋಡೆಗೆ ಇದುವರೆಗೆ ಒಂದು ಚಿತ್ರವೂ ಹೋಗಿರಲಿಲ್ಲ, ಚಿತ್ರಗಳಿಗೂ ಬುದ್ಧಿಯಿರುತ್ತದೆ ಎಂದು ನಾವು ನಗುತ್ತಿದ್ದೆವು. ಅವರು ಗೋಡೆಯನ್ನು ನೋಡಿದರು, ಕಾಲುಗಳನ್ನು ನೋಡಿದರು, ಕೊನೆಗೆ ಡ್ರಮ್ಮಿನ ಮೇಲೆ ಕುಳಿತರು.

"ಇದು ಮನೆ ಅಂತಲೇ ಇಟ್ಕೊಳ್ಳೋಣ," ಎಂದರು.

ಇನ್ನು ಒಂದು ಮಾತು ಉಳಿದಿತ್ತು. ಮನೆಯ ಯಜಮಾನಿ ಕುಲಸಚಿವರ ಎದುರಿಗೆ ನಿನ್ನದು ಬಂದಿದೆ, ನೀನೂ ಬಾ ಎನ್ನಬೇಕು. ಮೇಷ್ಟ್ರು ಅದನ್ನು ಹನುಮಕ್ಕನಿಗೆ ಹೇಳಿಕೊಟ್ಟರು. ಅವಳಿಗೆ ನಗು ತಡೆಯಲಾಗಲಿಲ್ಲ. ಉಂಡು ಕೈ ತೊಳೆದವಳನ್ನು ಊಟಕ್ಕೆ ಕರೆಯುವುದು ಎಲ್ಲಾದರೂ ಉಂಟಾ ಎಂದು ಕೇಳಿದಳು. ಉಂಡಾಗಿದೆ, ಅಷ್ಟು ಸಾಕು ಎಂದು ಕುಲಸಚಿವರು ಎದ್ದರು, ಏಳುವಾಗ ಸೂರಿಗೆ ತಲೆ ಹೊಡೆಸಿಕೊಂಡರು. ಹೀಗೆ ನಾನು ಚಿತ್ರಕಲಾ ವಿಭಾಗದಲ್ಲೇ ಉಳಿದೆ. ಆ ಮಾತು ಮಾತ್ರ ನನಗೆ ಯಾರೂ ಹೇಳಲಿಲ್ಲ. ಟ್ರಂಕು ಹೊತ್ತುಕೊಂಡು ಹಾಸ್ಟೆಲಿಗೆ ವಾಪಸು ಬರುವಾಗ ಅಷ್ಟು ಸಂತೋಷದಲ್ಲೂ ಅದೊಂದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಆಸೆಗೆ ಕೊನೆಯೆಲ್ಲಿ.

ಮಳೆಗಾಲಕ್ಕೆ ಮುಂಚೆ ರಸ್ತೆ ಮುಗಿಯಿತು, ಗ್ಯಾಂಗು ಬಿಡಾರ ಕಿತ್ತಿತು. ಬೀಳ್ಕೊಡಲು ನಾನೂ ಶಾಹಿನಾಳೂ ಹೋದೆವು. ಊರಿನವರು ಸುಮಾರು ಜನ ಬಂದಿದ್ದರು, ನೆವ ಏನೇ ಹೇಳಿದರೂ ಟಾರ್ಪಾಲು ತೆಗೆದಾಗ ಕಾಲುಗಳು ಏನಾಗುತ್ತವೆ ಎಂದು ನೋಡಲು. ತೆಗೆದಾಗ ಗೋಡೆ ಬರಿದಾಗಿತ್ತು. ಅರಿಶಿನದ ಹತ್ತು ಚುಕ್ಕೆಗಳು ಮಾತ್ರ ಉಳಿದಿದ್ದವು. ಮುದುಕಿ ಗೋಡೆಯನ್ನು ನೋಡಿ, ನಾ ಹೇಳಲಿಲ್ಲವಾ, ನಮ್ಮ ಜೊತೇಲೇ ಹೊಂಟಳು ಎಂದು ಲಾರಿ ಹತ್ತಿದಳು.

ಎರಡನೆಯ ವರ್ಷ ಅಂಗಡಿಯವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು, ಆದರೆ ಉದ್ದದ್ದು. ಹನುಮಕ್ಕನ ಮನೆಯಲ್ಲಿ ಎನ್ನುತ್ತಿದ್ದೆ. ಹನುಮಕ್ಕನ ಮನೆ ಎಲ್ಲಿ ಎನ್ನುತ್ತಿದ್ದರು. ಈಗ ಎಲ್ಲಿ ರಸ್ತೆ ಕೆಲಸ ನಡೆಯುತ್ತಿದೆಯೋ ಅಲ್ಲಿ ಎನ್ನುತ್ತಿದ್ದೆ. ಪಾಪ ಎನ್ನುವ ಮುಖ ಮಾಡಲೋ ಬೇಡವೋ ಎಂದು ಅವರಿಗೆ ತೋಚುತ್ತಿರಲಿಲ್ಲ. ಕಡಲೆ ಮಾತ್ರ ಹೆಚ್ಚಿಗೆ ಬೀಳತೊಡಗಿತು. ರೂಮಿನಲ್ಲೂ ತರಗತಿಯಲ್ಲೂ ನಾನು ತಿಪ್ಪಮ್ಮ ಆದೆ. ಕರೆದರೆ ಮೊದಮೊದಲು ನಾನೇ ತಿರುಗುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಗೇಟಿನ ಹತ್ತಿರ ಟಾರಿನ ಲಾರಿಯೊಂದು ನಿಂತಿತು. ಡ್ರೈವರು ತಿಪ್ಪಮ್ಮ ಯಾರು ಎಂದು ಕೇಳಿದ. ನಾನೇ ಎಂದದ್ದಕ್ಕೆ ಜೇಬಿನಿಂದ ಬಾಡಿದ ಎರಡು ವೀಳ್ಯದೆಲೆ, ಒಂದು ಅಡಿಕೆ ತೆಗೆದು ಕೈಗೆ ಕೊಟ್ಟ. ದೊಡ್ಡ ರಸ್ತೆಯ ಕೆಲಸವಂತೆ, ಹನುಮಕ್ಕನ ಗ್ಯಾಂಗೂ ನಮ್ಮ ತಿಮ್ಮಪ್ಪನ ಗ್ಯಾಂಗೂ ಒಂದೇ ಕಡೆ ಬಿಡಾರ ಹಾಕಿವೆಯಂತೆ. ಪದ್ಧತಿಯನ್ನೆಲ್ಲ ಹನುಮಕ್ಕ ನಮ್ಮವ್ವನಿಗೆ ಹೇಳಿಕೊಟ್ಟಿದ್ದಾಳೆ.

"ನಿಮ್ಮವ್ವ ಯೋಳಿ ಕಳಿಸವ್ಳೆ," ಎಂದ. "ನಿಂದು ಬಂದೈತೆ, ನೀನೂ ಬಾ ಅಂದ್ಲು."

ಎಲೆಯನ್ನು ಸೆರಗಿಗೆ ಕಟ್ಟಿಕೊಂಡೆ. ಅಲ್ಲಿ ಗೋಡೆ ಎಲ್ಲಿದೆ ಎಂದು ಕೇಳಿದೆ. ಗೋಡೆಯೂ ಇಲ್ಲ ಮಣ್ಣೂ ಇಲ್ಲ, ಸುತ್ತ ಬಯಲು ಎಂದ. ಹನುಮಕ್ಕನ ಗುಡಾರದಿಂದ ಒಂದು ಬೆಳಿಗ್ಗೆ ಹೊರಟು ನಮ್ಮವ್ವನ ಗುಡಾರದ ಟಾರ್ಪಾಲಿಗೆ ಬಂದು ಕೂತಿವೆಯಂತೆ, ಗಾಳಿ ಬಂದರೆ ಕಾಲುಗಳು ನಡೆದಾಡುತ್ತವಂತೆ. ಅವ್ವ ನೋಡಿದ ಕೂಡಲೇ ಕೆಂಪು ಅಂಚು ಗುರುತು ಹಿಡಿದು ಇವು ನನ್ನ ಕಾಲು ಎಂದಳಂತೆ. ಮತ್ತೆ ಏನೆಂದಳು ಎಂದು ಕೇಳಿದೆ. ಡ್ರೈವರು ತಲೆ ಕೆರೆದುಕೊಂಡ.

"ಬೈತಿದ್ಲು. ಅಷ್ಟು ಓದಿದೋಳು ಒಂದು ಜೊತೆ ಚಪ್ಪಲಿ ಬರೀಬಾರ್ದಾಗಿತ್ತಾ ಅಂತ."

ಮೇಷ್ಟ್ರಿಗೆ ಹೇಳಿ, ಬಣ್ಣದ ಡಬ್ಬಿ ತೆಗೆದುಕೊಂಡು ಲಾರಿ ಹತ್ತಿದೆ. ಮಾರ್ಕೆಟ್ಟಿನ ಆಚೆ ತುದಿಯ ಚಪ್ಪಲಿ ಅಂಗಡಿಯ ಮುಂದೆ ಒಂದು ನಿಮಿಷ ನಿಲ್ಲಿಸಲು ಹೇಳಿದೆ. ಅಂಗಡಿಯವರು ಹೊಸಬರು, ನನ್ನನ್ನು ನೋಡಿದವರಲ್ಲ. ರೂಢಿಯಂತೆ ನಿನ್ನ ಚಿತ್ರ ಯಾರ ಮನೆಯಲ್ಲಿದೆ ಎಂದು ಕೇಳಿದರು. ನಮ್ಮ ಮನೆಯಲ್ಲಿ ಎಂದೆ. ಅವರು ಕಾಲಿನ ಅಳತೆ ಕೇಳಿದರು. ಗೋಡೆಯ ಮೇಲೆ ಬರೆದ ಅವ್ವನ ಕಾಲಿನ ಅಳತೆ ಕೈಯಲ್ಲೇ ಇತ್ತು. ಗೇಣು ಹಾಕಿ ತೋರಿಸಿದೆ.